ಯಾರ ಮಗುವಿನ ರೋಗ, ಯಾರ ಎಲೆಯಲ್ಲಿ?

ಅಜಲು ಅಂದರೆ ಏನು ಅಂತ ನಮ್ಮ ಹಾಸ್ಟೆಲುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಹಿರಿಯಡ್ಕದ ಆಚೆ ಒಂದು ಕೊಪ್ಪಕ್ಕೆ ಹೊರಟಾಗ ನಾವು ಈ ಪ್ರಶ್ನೆಯನ್ನು ಜೊತೆಯ ಹುಡುಗರಿಗೆ ಕೇಳಿದೆವು. ಘಟ್ಟದ ಮೇಲಿಂದ ಓದಲು ಬಂದವನೊಬ್ಬ 'ಅದೇನಣ್ಣ, ಯಾವುದಾದ್ರೂ ಆಟನಾ?' ಅಂದ. ಇಲ್ಲಿಯವನೇ ಆದ ನಮ್ಮ ಕೇರಿಯ ಹುಡುಗ ಮಾತ್ರ ತಲೆ ತಗ್ಗಿಸಿ, 'ಗೊತ್ತುಂಟು ಮಾರಾಯ, ಆದ್ರೆ ಅದು ನಮ್ದಲ್ಲ, ಕೊರಗರದ್ದು' ಅಂದ.

ಈ ಎರಡನೇ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಕರ್ನಾಟಕ ಸರಕಾರ 2000ದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅಜಲು ಅಂದರೆ ಏನು ಅಂತ ಆ ಕಾಯ್ದೆಯೇ ಬಿಡಿಸಿ ಹೇಳಿದೆ. ಕೊರಗರನ್ನು ಮನುಷ್ಯರಲ್ಲದವರಂತೆ ಬೇರೆ ಮಾಡಿ ನೋಡುವುದು. ಕೂಲಿ ಕೊಡದೆ, ಕೊಟ್ಟರೂ ನೆಪಕ್ಕೆ ಕೊಟ್ಟು ದುಡಿಸಿಕೊಳ್ಳುವುದು. ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಕೂದಲು, ಉಗುರು, ತಿನ್ನಬಾರದ ಹೊಲಸನ್ನು ಅನ್ನಕ್ಕೆ ಕಲಸಿ ಉಣ್ಣಿಸುವುದು. ಸ್ವಾತಂತ್ರ್ಯ ಬಂದು ಐವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಒಂದು ಸರಕಾರ ಇಷ್ಟನ್ನು ಕಾಯ್ದೆಯಲ್ಲಿ ಬರೆದು ನಿಲ್ಲಿಸಬೇಕಾಯಿತು.

ಕೂದಲು, ಉಗುರು ಯಾಕೆ? ಇದನ್ನು ನಾವು ತಿಳಿದುಕೊಳ್ಳಬೇಕು. ದೊಡ್ಡ ಮನೆಯ ಬಸುರಿಗೆ ಕಂಟಕ ಬರಬಾರದು, ಕಾಯಿಲೆಯವರ ಕಾಯಿಲೆ ಮನೆ ಬಿಟ್ಟು ಹೋಗಬೇಕು. ಹೋಗುವುದಾದರೂ ಎಲ್ಲಿಗೆ? ಕೊರಗನ ಹೊಟ್ಟೆಗೆ. ಅವರ ಮನೆಯ ರೋಗವನ್ನು ಇವನು ಎಲೆಯಲ್ಲಿ ಉಂಡು ಕೊಪ್ಪಕ್ಕೆ ಹೊತ್ತುಕೊಂಡು ಹೋಗಬೇಕು. ಕೊಪ್ಪದಲ್ಲೂ ಒಬ್ಬಳು ಬಸುರಿ ಇದ್ದಾಳು, ಅಲ್ಲೂ ಒಂದು ಕೂಸು ಇದ್ದೀತು ಅನ್ನುವ ಯೋಚನೆ ಬಡಿಸಿದವರಿಗೆ ಬರಲಿಲ್ಲ.

ಇನ್ನೊಂದು ಸಂಗತಿ ಇದೆ. ಥರ್ಸ್ಟನ್ ಎಂಬ ಇಂಗ್ಲಿಷ್ ಅಧಿಕಾರಿ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಪುಸ್ತಕದಲ್ಲಿ ಇದು ದಾಖಲಾಗಿದೆ. ಈ ಜಿಲ್ಲೆಯ ಬ್ರಾಹ್ಮಣ ಮನೆಯೊಂದರಲ್ಲಿ ಹುಟ್ಟಿದ ಮಕ್ಕಳೆಲ್ಲ ಒಂದರ ಹಿಂದೆ ಒಂದು ಸಾಯುತ್ತಿದ್ದರೆ ತಾಯಿ ಒಬ್ಬ ಕೊರಗ ಹೆಂಗಸನ್ನು ಕರೆಸುತ್ತಿದ್ದಳು. ಎಣ್ಣೆ, ಅಕ್ಕಿ, ತಾಮ್ರದ ಕಾಸು ಕೊಟ್ಟು, ಬದುಕುಳಿದ ಕೂಸನ್ನು ಅವಳ ಮಡಿಲಿಗೆ ಹಾಕುತ್ತಿದ್ದಳು. ಬೇರೆ ದಿನ ಮುಟ್ಟಲೇಬಾರದ ಆ ಹೆಂಗಸು ಕೂಸಿಗೆ ತನ್ನ ಮೊಲೆ ಉಣಿಸಬೇಕು. ತನ್ನ ಕೈಯ ಕಬ್ಬಿಣದ ಬಳೆಯನ್ನು ಅದಕ್ಕೆ ತೊಡಿಸಬೇಕು. ಗಂಡಾದರೆ ಕೊರಗ, ಹೆಣ್ಣಾದರೆ ಕೊರಪೊಳು ಅಂತ ಹೆಸರಿಟ್ಟು ವಾಪಸು ಕೊಡಬೇಕು. ಹಾಗೆ ಮಾಡಿದರೆ ಕೂಸಿಗೆ ಆಯಸ್ಸು ಗಟ್ಟಿ ಅನ್ನುವ ನಂಬಿಕೆ.

ಮಗು ಉಳಿಯಲಿ ಅನ್ನುವ ತಾಯಿಯ ಸಂಕಟವನ್ನು ನಾವು ಗೇಲಿ ಮಾಡುವುದಿಲ್ಲ. ಮಕ್ಕಳನ್ನು ಮಣ್ಣಿಗಿಟ್ಟ ಯಾವ ತಾಯಿಯಾದರೂ ಕೈ ಚಾಚದ ಬಾಗಿಲು ಇರುವುದಿಲ್ಲ. ನಾವು ಕೇಳುವುದು ಇಷ್ಟೇ. ಆವತ್ತು ಮಡಿ ಮೈಲಿಗೆ ಎಲ್ಲಿ ಹೋಗಿತ್ತು? ಕೊರಗತಿಯ ಹಾಲು ಕೂಸಿನ ಗಂಟಲಲ್ಲಿ ಇಳಿಯಬಹುದಾದರೆ, ಅವಳ ನೆರಳು ಅಂಗಳದಲ್ಲಿ ಯಾಕೆ ಬೀಳಬಾರದು? ತಾಮ್ರದ ಕಾಸು ಹಿಡಿದು ಕೊಪ್ಪಕ್ಕೆ ಮರಳಿದ ಮೇಲೆ ಅವಳ ಸ್ವಂತ ಕೂಸಿಗೆ ಎಷ್ಟು ಹಾಲು ಉಳಿದಿತ್ತು? ಪುಸ್ತಕ ಅದನ್ನು ಬರೆದಿಲ್ಲ. ಅದನ್ನು ಕೇಳಬೇಕು ಅಂತ ಬರೆದವರಿಗೆ ಅನಿಸಲೂ ಇಲ್ಲ.

ಕೊರಗರು ಬಿಳಲು ಹೆಣೆದು ಬುಟ್ಟಿ ಮಾಡುತ್ತಾರೆ, ತೊಟ್ಟಿಲೂ ಹೆಣೆದಿದ್ದಾರೆ. ಊರಿನ ಕೂಸುಗಳು ಇವರು ಹೆಣೆದ ತೊಟ್ಟಿಲಲ್ಲಿ ಮಲಗಿದವು, ಇವರ ಹಾಲು ಕುಡಿದು ಇವರ ಹೆಸರು ಇಟ್ಟುಕೊಂಡು ಬದುಕಿದವು. ಇವರ ಲೆಕ್ಕ ಏನಾಯಿತು? 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 16,071. 2011ರಲ್ಲಿ 14,794. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನ 5.28 ಕೋಟಿಯಿಂದ 6.11 ಕೋಟಿಗೆ ಏರಿದರು. ಇಡೀ ನಾಡು ಬೆಳೆಯುವಾಗ ಒಂದು ಸಮುದಾಯ ಕರಗುತ್ತಾ ಹೋಯಿತು. ಇದಕ್ಕೆ ಯಾವ ಮಾಟವೂ ಕಾರಣ ಅಲ್ಲ. ರಕ್ತಹೀನತೆ, ಅರೆಹೊಟ್ಟೆ, ಭೂಮಿ ಇಲ್ಲದಿರುವುದು, ಕಾಯಿಲೆಗೆ ಹೊತ್ತಿಗೆ ಸರಿಯಾಗಿ ಮದ್ದು ಸಿಗದಿರುವುದು, ಇವೇ ಕಾರಣ. 1993ರ ಆಗಸ್ಟ್ 18ರಂದು ಕೊರಗರು ಭೂಮಿಗಾಗಿ ಮಂಗಳೂರಿಗೆ ನಡೆದದ್ದು ಸುಮ್ಮನೆ ಅಲ್ಲ. ತಾಯಿಯ ತಟ್ಟೆ ತುಂಬದೆ ಕೂಸಿನ ಹೊಟ್ಟೆ ತುಂಬುವುದಿಲ್ಲ.

'ಕೂಸಿನ ಜ್ವರ, ಬಾಣಂತನ, ಚುಚ್ಚುಮದ್ದು ಇದೆಲ್ಲ ಹೆಂಗಸರ ವಿಷಯ, ಹೋರಾಟದ ಪತ್ರಿಕೆಯಲ್ಲಿ ಯಾಕೆ?' ಅಂತ ಕೇಳುವ ಗೆಳೆಯರಿದ್ದಾರೆ. ಅವರಿಗೆ ಬಾಬಾಸಾಹೇಬರ ಮನೆಯನ್ನು ನೆನಪು ಮಾಡುತ್ತೇವೆ. ಅಂಬೇಡ್ಕರ್ ಮತ್ತು ರಮಾಬಾಯಿ ಅವರಿಗೆ ಐದು ಮಕ್ಕಳು. ಉಳಿದದ್ದು ಯಶವಂತ ಒಬ್ಬರೇ. ನಾಲ್ಕು ಮಕ್ಕಳನ್ನು ಎಳೆತನದಲ್ಲೇ ಕಳೆದುಕೊಂಡರು. ಕೊನೆಯ ಮಗ ರಾಜರತ್ನ ತೀರಿಕೊಂಡದ್ದು 1926ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1928ರಲ್ಲಿ, ಮುಂಬೈ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ ಬಂತು. ಬಾಬಾಸಾಹೇಬರು ಎದ್ದು ನಿಂತು ಅದನ್ನು ಬೆಂಬಲಿಸಿದರು. ಹೆರಿಗೆಗೆ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಅಂತ ವಾದಿಸಿದರು. ಕೂಸಿನ ಸಾವು ಕಂಡ ಮನೆಯಿಂದ ಬಂದ ಮನುಷ್ಯ ಬಾಣಂತಿಯ ವಿಷಯವನ್ನು ಶಾಸನಸಭೆಗೆ ತಂದರು. ನಾವು ಪತ್ರಿಕೆಗೆ ತಂದರೆ ತಪ್ಪಾ?

ಅವರು ತಮ್ಮ ಬದುಕಿನ ಬಗ್ಗೆ ಬರೆದ 'ವೀಸಾಕ್ಕಾಗಿ ಕಾಯುತ್ತಾ' ಬರಹದಲ್ಲಿ ಕಾಠೇವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರರ ಕಾಗದ ಇದೆ. ಅದು 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಮಾಸ್ತರರ ಹೆಂಡತಿ ಹೆತ್ತ ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲು ಒಪ್ಪಲಿಲ್ಲ. ಊರ ಸಾಹುಕಾರರು ಹೇಳಿ, ಎರಡು ರೂಪಾಯಿ ಫೀಸು ಗೊತ್ತಾಗಿ, ಬಾಣಂತಿಯನ್ನು ಕೇರಿಯ ಹೊರಗೆ ತಂದರೆ ಮಾತ್ರ ನೋಡುತ್ತೇನೆ ಅಂದರು. ಹಸಿ ಬಾಣಂತಿಯನ್ನು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ ಕೊಟ್ಟ. ಅದೇ ದಾರಿಯಲ್ಲಿ ವಾಪಸು ಬಂತು. ಮುಟ್ಟದೆ ನೋಡಿ ಕಾಯಿಲೆಯ ಹೆಸರು ಹೇಳಿ ಹೋದರು. ಆ ತಾಯಿ ಉಳಿಯಲಿಲ್ಲ.

ಈಗ ಕಾಲ ಬದಲಾಗಿದೆ ಅನ್ನುತ್ತೀರಿ. ಹೌದು, ಬದಲಾಗಿದೆ. ಉಡುಪಿಯಲ್ಲಿ ಸರಕಾರಿ ಹೆರಿಗೆ ಆಸ್ಪತ್ರೆ ಇದೆ, ಮಣಿಪಾಲದಲ್ಲಿ 1953ರಿಂದ ದೊಡ್ಡ ಕಾಲೇಜು ಇದೆ, 108ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ. ಆದರೆ ಮಣಿಪಾಲದ ಕಟ್ಟಡದ ದೀಪ ಕಾಣುವ ಗುಡ್ಡದ ಮೇಲೇ ಇದ್ದೂ, ಕೂಸಿಗೆ ಭೇದಿ ಶುರುವಾದ ರಾತ್ರಿ ಏನು ಮಾಡಬೇಕು ಅಂತ ಗೊತ್ತಿಲ್ಲದ ಮನೆ ಇದೆ. ದೂರ ಅನ್ನುವುದನ್ನು ಬರೀ ಕಿಲೋಮೀಟರಿನಲ್ಲಿ ಅಳೆಯಬಾರದು. ಅಲ್ಲಿ ಹೋದರೆ ಯಾರು ಗದರುತ್ತಾರೋ, ಏನು ಕೇಳುತ್ತಾರೋ ಅನ್ನುವ ಹೆದರಿಕೆಯೂ ದೂರವೇ.

ಕೊಪ್ಪದಲ್ಲಿ ನಾವು ಕಂಡ ಒಂದು ಅಜ್ಜಿಯ ಮಾತು ಇಲ್ಲಿದೆ. ತುಳುವಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿದ್ದೇವೆ. 'ಆಟಿ ತಿಂಗಳ ಮಳೆ ಮಕ್ಕಳೇ. ಬುಟ್ಟಿ ಹೆಣೆಯುತ್ತಾ ಕೂತವಳಿಗೆ ನೋವು ಬಂತು. ಆಸ್ಪತ್ರೆ ಎಂತದ್ದು, ದಾರಿಯೇ ಇಲ್ಲ. ಪಕ್ಕದವಳು ಬಂದು ಹಿಡಿದುಕೊಂಡಳು. ಮಗ ಹುಟ್ಟಿದ. ಆದ್ರೆ ನನಗೆ ಹಾಲು ಬರ್ಲಿಲ್ಲ. ಅವಳದ್ದೂ ಚಿಕ್ಕ ಕೂಸು. ಒಂದು ಬದಿ ಅದಕ್ಕೆ, ಒಂದು ಬದಿ ನನ್ನ ಮಗನಿಗೆ ಕೊಟ್ಟಳು. ಈಗ ಅವನಿಗೆ ನಲವತ್ತು ದಾಟಿತು. ಅವನಿಗೆ ಅಪ್ಪೆಯಂದಿರು ಇಬ್ಬರು.' ಹೇಳುವಾಗ ಅಜ್ಜಿ ಅಳಲಿಲ್ಲ, ನಕ್ಕರು.

ಗೆಳೆಯರೇ, ಥರ್ಸ್ಟನ್ನನ ಪುಸ್ತಕದಲ್ಲೂ ಒಬ್ಬಳು ತಾಯಿ ಇನ್ನೊಬ್ಬರ ಕೂಸಿಗೆ ಹಾಲು ಕೊಟ್ಟಳು. ಇಲ್ಲೂ ಕೊಟ್ಟಳು. ಹಾಲು ಅದೇ. ಅಲ್ಲಿ ಕರೆಸಿಕೊಂಡರು, ಕಾಸು ಎಸೆದರು, ಬಾಗಿಲು ಹಾಕಿಕೊಂಡರು. ಇಲ್ಲಿ ಅವಳು ತಾನಾಗಿ ಬಂದಳು, ಅಪ್ಪೆ ಅನ್ನಿಸಿಕೊಂಡಳು. ಮೊದಲನೆಯದು ಅಜಲು. ಎರಡನೆಯದಕ್ಕೆ ಏನು ಹೆಸರಿಡಬೇಕೋ ನಮಗೆ ಗೊತ್ತಿಲ್ಲ, ಆದರೆ ನಾವು ಕಟ್ಟಬೇಕಾದ ಸಮಾಜ ಅದೇ.

ಈಗ ನಮ್ಮ ತಪ್ಪಿಗೆ ಬರೋಣ. ಆ ದಿನ ಕೊಪ್ಪದಲ್ಲಿ ಚಹಾ ಕೊಟ್ಟಾಗ ನಮ್ಮಲ್ಲೇ ಒಬ್ಬ 'ನಂಗೆ ಬೇಡ, ಈಗಷ್ಟೇ ಆಯ್ತು' ಅಂದ. ಆಗಿರಲಿಲ್ಲ. ಅವನ ಹೆಸರು ಬರೆಯುವುದಿಲ್ಲ. ಅದು ನಮ್ಮೆಲ್ಲರ ಹೆಸರು. ಪೇಟೆಯ ಹೋಟೆಲಿನ ಪ್ರತ್ಯೇಕ ಲೋಟದ ವಿರುದ್ಧ ಭಾಷಣ ಮಾಡುವ ನಾವು ಕೊರಗರ ಲೋಟದ ಮುಂದೆ ಎಡವಿದೆವು. 'ಅದು ನಮ್ದಲ್ಲ' ಅಂದ ಹುಡುಗನ ಮಾತು, ಈ ಚಹಾ, ಎರಡೂ ಒಂದೇ. ಮೇಲಿನವರು ನಮಗೆ ಹಾಕಿದ ಗೆರೆಯನ್ನು ನಾವು ಕೆಳಗೆ ಎಳೆಯುತ್ತಿದ್ದೇವೆ. ವಾಪಸು ಬರುವ ಬಸ್ಸಿನಲ್ಲಿ ಅವನೇ ಮಾತು ತೆಗೆದ. 'ನಾಚಿಕೆ ಆಯ್ತು' ಅಂದ. ಮುಂದಿನ ವಾರ ತಾನೇ ಮೊದಲು ಹೊರಟ.

ಮುಂದಿನ ವಾರ ಯಾಕೆ ಹೋದೆವು ಅಂದರೆ, ಅಲ್ಲಿ ಒಂದು ಎಳೆ ತಾಯಿ ಮಗುವಿಗೆ ಮೊದಲ ಚುಚ್ಚುಮದ್ದು ಹಾಕಿಸಿ ಎರಡನೆಯದನ್ನು ಬಿಟ್ಟಿದ್ದಳು. ಕೇಳಿದರೆ, 'ಹಾಕಿಸಿದ ರಾತ್ರಿ ಜ್ವರ ಬಂತು, ಎರಡು ದಿನ ಎತ್ತಿಕೊಂಡೇ ಇದ್ದೆ, ಕೂಲಿ ಹೋಯಿತು' ಅಂದಳು. ಇವಳಿಗೆ 'ಅಜ್ಞಾನ' ಅಂತ ಬೋರ್ಡು ಹಾಕುವುದು ಸುಲಭ. ಇದು ಅಜ್ಞಾನ ಅಲ್ಲ, ಲೆಕ್ಕ. ಎರಡು ದಿನದ ಕೂಲಿ ಅಂದರೆ ಎರಡು ದಿನದ ಅಕ್ಕಿ. ಚುಚ್ಚುಮದ್ದಿನ ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಹೆದರಬೇಡ ಅಂತ ಹೇಳುವುದು ಅರ್ಧ ಕೆಲಸ. ಆ ಎರಡು ದಿನ ಮಗುವನ್ನು ಹಿಡಿದುಕೊಳ್ಳುವವರು ಯಾರು ಅನ್ನುವುದು ಉಳಿದ ಅರ್ಧ. ಪಕ್ಕದ ಮನೆಯವಳು ಹಿಡಿದುಕೊಂಡಳು. ಅವಳ ಮಗುವಿನ ಸರದಿ ಬಂದಾಗ ಇವಳು ಹಿಡಿಯುತ್ತಾಳೆ. ಹೀಗೆ ನಾಲ್ಕು ಮನೆ ಸೇರಿದರೆ ಯಾರ ಕೂಲಿಯೂ ಪೂರ್ತಿ ಹೋಗುವುದಿಲ್ಲ, ಯಾವ ಮಗುವೂ ತಪ್ಪುವುದಿಲ್ಲ.

ಇನ್ನು ನಾವು ಓದಿದವರು ಮಾಡಬೇಕಾದದ್ದು. ಊರಿಗೆ ಹೋದಾಗ ಅಕ್ಕ, ಅತ್ತಿಗೆ, ನೆರೆಮನೆಯವರ ತಾಯಿ ಕಾರ್ಡ್ ಕೇಳಿ ತೆಗೆದು ಓದಿ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14 ವಾರಕ್ಕೆ. 9 ತಿಂಗಳು ತುಂಬಿದ ಮೇಲೆ ದಡಾರ ರುಬೆಲ್ಲಾ. 16ರಿಂದ 24 ತಿಂಗಳ ಒಳಗೆ ಮತ್ತೊಮ್ಮೆ. ತಪ್ಪಿದ್ದರೆ 'ಹೋಯ್ತು' ಅಂತ ಬಿಡಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ ಮುಂದುವರಿಸಿ. ಭೇದಿಯಾದರೆ ಓಆರ್‌ಎಸ್ ಪೊಟ್ಟಣ. ಪೊಟ್ಟಣ ಇಲ್ಲದ ರಾತ್ರಿ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ, ಮಗು ಮಂಪರಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಿನವರೆಗೆ ಕಾಯಬೇಡಿ. 2011ರಿಂದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಕಾಯಿಲೆ ಬಿದ್ದ ಎಳೆಗೂಸಿನ ಚಿಕಿತ್ಸೆ ಉಚಿತ ಅಂತ ಯೋಜನೆ ಇದೆ. ಯಾರಾದರೂ ದುಡ್ಡು ಕೇಳಿದರೆ, ಗದರಿದರೆ, ಜೊತೆಗೆ ಹೋದ ನೀವು ಕಾಗದ ಪೆನ್ನು ತೆಗೆದು ಹೆಸರು, ಹೊತ್ತು ಬರೆದುಕೊಳ್ಳಿ. ನಮ್ಮ ತಾಯಂದಿರು ಒಬ್ಬರೇ ಹೋದಾಗ ಇರುವ ದನಿಗೂ, ಕಾಲೇಜಿನ ಮಗನೋ ಮಗಳೋ ಪಕ್ಕದಲ್ಲಿ ನಿಂತಾಗ ಇರುವ ದನಿಗೂ ವ್ಯತ್ಯಾಸ ಇದೆ.

'ನಾವೇ ನಾವೇ ಮಾಡಿಕೊಂಡರೆ ಸರಕಾರ ಕೈ ತೊಳೆದುಕೊಳ್ಳುತ್ತದಲ್ಲ?' ಅಂತ ಕೇಳುವವರ ಮಾತಿನಲ್ಲೂ ಸತ್ಯ ಇದೆ. ಅದಕ್ಕೇ ಹೇಳುತ್ತೇವೆ, ಹಂಚಿಕೊಳ್ಳುವುದು ಸರಕಾರದ ಬದಲಿಗೆ ಅಲ್ಲ. ರಾತ್ರಿ ಕೂಸನ್ನು ಉಳಿಸಿಕೊಂಡರೆ ತಾನೇ ಬೆಳಗ್ಗೆ ಧರಣಿಗೆ ತಾಯಿ ಬರುವುದು? ಯಾವ ಮನೆಯ ಕಾರ್ಡಿನಲ್ಲಿ ಯಾವ ಸಾಲು ಖಾಲಿ ಇದೆ ಅಂತ ಗೊತ್ತಿದ್ದರೆ ತಾನೇ ಅಧಿಕಾರಿಯ ಮುಂದೆ ಲೆಕ್ಕ ಇಡಲು ಆಗುವುದು?

ದಡಾರಕ್ಕೆ ಜಾತಿ ಗೊತ್ತಿಲ್ಲ. ಒಂಬತ್ತು ತಿಂಗಳು ತುಂಬದ ಕೂಸಿಗೆ ಆ ಚುಚ್ಚುಮದ್ದು ಇನ್ನೂ ಬಿದ್ದಿರುವುದಿಲ್ಲ. ಅದನ್ನು ಕಾಯುವುದು ಸುತ್ತಲಿನ ದೊಡ್ಡ ಮಕ್ಕಳಿಗೆ ಬಿದ್ದ ಚುಚ್ಚುಮದ್ದು. ಕೊಪ್ಪದ ಮಗುವಿಗೆ ಹಾಕಿಸಿದ್ದು ಕೇರಿಯ ಕೂಸನ್ನು ಕಾಯುತ್ತದೆ, ಕೇರಿಯದ್ದು ದೊಡ್ಡ ಮನೆಯ ಕೂಸನ್ನೂ ಕಾಯುತ್ತದೆ. 2011ರ ಜನವರಿಯ ನಂತರ ಈ ದೇಶದ ಯಾವ ಮಗುವಿನಲ್ಲೂ ಕಾಡು ಪೋಲಿಯೋ ಕಾಣಿಸಿಲ್ಲವಾದರೆ ಅದು ಯಾರೋ ಯಾರದೋ ರೋಗ ಉಂಡದ್ದರಿಂದ ಅಲ್ಲ, ಎಲ್ಲರ ಮಕ್ಕಳ ಬಾಯಿಗೂ ಹನಿ ಬಿದ್ದದ್ದರಿಂದ.

ಯಾರ ಮಗುವಿನ ರೋಗವನ್ನೂ ನಾವು ಇನ್ನು ಎಲೆಯಲ್ಲಿ ಉಣ್ಣುವುದಿಲ್ಲ. ಆದರೆ ಯಾವ ಮಗು ಅತ್ತರೂ ಎದ್ದು ಹೋಗುತ್ತೇವೆ. ಕೊಪ್ಪದಲ್ಲಿ ಅತ್ತರೂ ಹೋಗುತ್ತೇವೆ. ಹೋದಲ್ಲಿ ಚಹಾ ಕೊಟ್ಟರೆ ಕುಡಿಯುತ್ತೇವೆ.

ರಜೆಗೆ ಊರಿಗೆ ಹೋಗುವವರು ಮರೆಯಬೇಡಿ. ಮೊದಲು ಆ ಕಾರ್ಡ್ ಕೇಳಿ.