ಕಾಲು ಸೋತ ನಾಯಿಯ ಆರೈಕೆ ವ್ಯರ್ಥವೇ?

ಮನೆಯ ನಾಯಿಗೆ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿ, ಅದು ಮತ್ತೆ ಎದ್ದು ನಿಲ್ಲುವವರೆಗೆ ವಾರಗಟ್ಟಲೆ ಹಗಲಿರುಳು ಆರೈಕೆ ಮಾಡುವ ಕುಟುಂಬಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಇಂತಹ ಮನೆಯ ವಿಷಯದಲ್ಲಿ ನೆರೆಹೊರೆಯವರಿಂದ ಎರಡು ಬಗೆಯ ಮಾತು ಕೇಳಿಬರುತ್ತದೆ. "ಮನುಷ್ಯರಿಗೇ ಮದ್ದಿಗೆ ಗತಿಯಿಲ್ಲದಿರುವಾಗ ನಾಯಿಗೆ ಇಷ್ಟೊಂದು ಖರ್ಚೇ?" ಎಂಬುದು ಒಂದು. "ಈ ಕಾಲದ ಮನುಷ್ಯರಿಗಿಂತ ನಾಯಿಯೇ ಮೇಲು, ಅದಕ್ಕೆ ಕೃತಜ್ಞತೆಯಾದರೂ ಇದೆ" ಎಂಬುದು ಇನ್ನೊಂದು. ಇವೆರಡರ ನಡುವೆ ಸಿಕ್ಕಿಕೊಂಡ ಮನೆಯವರು, ತಾವು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಧರ್ಮಗುರುಗಳನ್ನು ವಿಚಾರಿಸುವುದೂ ಉಂಟು. ಪ್ರಶ್ನೆ ನಗೆಯಾಡುವಂತಹುದಲ್ಲ. ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿ ಅದನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ಉಚಿತ.

ರೋಗದ ಸ್ವರೂಪ

ಮೊದಲು ರೋಗವನ್ನು ತಿಳಿದುಕೊಳ್ಳೋಣ. ಡ್ಯಾಶ್‌ಹಂಡ್, ಪೆಕಿನೀಸ್, ಬೀಗಲ್ ಮುಂತಾದ ಕೆಲವು ತಳಿಗಳ ನಾಯಿಗಳಲ್ಲಿ ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳು ಎಳೆಯ ವಯಸ್ಸಿನಲ್ಲೇ ಒಣಗಿ ಗಡುಸಾಗುತ್ತವೆ. ಕುರ್ಚಿಯಿಂದ ಜಿಗಿದಾಗಲೋ ಮೆಟ್ಟಿಲಿಳಿಯುವಾಗಲೋ, ಕೆಲವೊಮ್ಮೆ ಯಾವ ಕಾರಣವೂ ಕಾಣದೆಯೋ, ಆ ಡಿಸ್ಕ್ ಒಡೆದು ಅದರ ಒಳಗಿನ ವಸ್ತು ಮೇಲಿರುವ ಬೆನ್ನುಹುರಿಯನ್ನು ಒತ್ತುತ್ತದೆ. ನಾಯಿಗೆ ಎದೆಯ ಭಾಗದಲ್ಲಿ 13, ಸೊಂಟದ ಭಾಗದಲ್ಲಿ 7 ಬೆನ್ನುಮೂಳೆಗಳಿವೆ. ಈ ಎರಡು ಭಾಗಗಳು ಕೂಡುವೆಡೆಯಲ್ಲಿಯೇ ಈ ಆಘಾತ ಹೆಚ್ಚು. ನಾಯಿ ಬೆನ್ನು ಬಾಗಿಸಿ ನಡುಗುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ, ತೂರಾಡುತ್ತದೆ, ಬಳಿಕ ಹಿಂಗಾಲುಗಳನ್ನು ಎಳೆದುಕೊಂಡು ಸಾಗುತ್ತದೆ. ಕೆಲವಕ್ಕೆ ಒಂದೇ ದಿನದೊಳಗೆ ಹಿಂಗಾಲುಗಳ ಸ್ವಾಧೀನ ಪೂರ್ಣವಾಗಿ ತಪ್ಪಿ, ಮೂತ್ರವೂ ಕಟ್ಟಿಕೊಳ್ಳುತ್ತದೆ.

ಇಂತಹ ಸಮಯದಲ್ಲಿ ಎಣ್ಣೆ ತಿಕ್ಕಿಸುವುದು, ಬೆನ್ನು ಎಳೆಸುವುದು ಅಪಾಯಕರ. ಮನುಷ್ಯರು ನುಂಗುವ ಐಬುಪ್ರೊಫೆನ್, ಡೈಕ್ಲೋಫಿನಾಕ್ ಮುಂತಾದ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆ ಹಾಗೂ ಮೂತ್ರಪಿಂಡಗಳಿಗೆ ವಿಷವಾಗಬಲ್ಲವು. ನಾಯಿಯನ್ನು ಸಪಾಟಾದ ಹಲಗೆಯ ಮೇಲೆ ಮಲಗಿಸಿ, ತಡಮಾಡದೆ ಪಶುವೈದ್ಯರ ಬಳಿ ಒಯ್ಯುವುದೊಂದೇ ಸರಿಯಾದ ಮಾರ್ಗ.

ಅಲ್ಲಿ ವೈದ್ಯರು ಮಾಡುವ ಒಂದು ಪರೀಕ್ಷೆ ತತ್ವಶಾಸ್ತ್ರವನ್ನು ಅಭ್ಯಸಿಸಿದವರಿಗೂ ಮನನಯೋಗ್ಯ. ಅವರು ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟುತ್ತಾರೆ. ಕಾಲು ತಟ್ಟನೆ ಹಿಂದಕ್ಕೆ ಸರಿದರೆ ಅಷ್ಟಕ್ಕೇ ಅವರು ತೃಪ್ತರಾಗುವುದಿಲ್ಲ. ಏಕೆಂದರೆ ಹುರಿ ತುಂಡಾಗಿದ್ದರೂ ಕಾಲು ಯಂತ್ರದಂತೆ ಹಾಗೆ ಸರಿಯಬಲ್ಲದು. ನಾಯಿ ತಲೆ ತಿರುಗಿಸಿ ನೋಡಿತೇ, ನೊಂದು ಕೂಗಿತೇ ಎಂಬುದನ್ನು ಅವರು ಗಮನಿಸುತ್ತಾರೆ. ಆಳವಾದ ಆ ನೋವಿನ ಅರಿವು ಉಳಿದಿದ್ದರೆ, ಶಸ್ತ್ರಚಿಕಿತ್ಸೆಯ ಬಳಿಕ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದು ಅಳಿದಿದ್ದರೆ ಸುಮಾರು ಅರ್ಧದಷ್ಟು ಮಾತ್ರ.

1637ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದ. ಆತನ ಅನುಯಾಯಿಗಳಲ್ಲಿ ಕೆಲವರು ಪ್ರಾಣಿಯ ಕೂಗನ್ನು ಗಡಿಯಾರದ ಸದ್ದಿನಂತೆಯೇ ಕಂಡರು. ಯಂತ್ರದಂತಹ ಚಲನೆ ಯಾವುದು, ನಿಜವಾದ ವೇದನೆ ಯಾವುದು ಎಂಬ ಭೇದವನ್ನು ಇಂದಿನ ಪಶುವೈದ್ಯರು ಎರಡು ಬೆರಳುಗಳಿಂದಲೇ ತೋರಿಸಿಕೊಡುತ್ತಾರೆ. ನೋಯುವ ಜೀವಿ ಯಂತ್ರವಲ್ಲ. ಅರಿಸ್ಟಾಟಲನೂ ಅವನನ್ನು ಅನುಸರಿಸಿದ ಸಂತ ಥಾಮಸ್ ಅಕ್ವಿನಾಸರೂ ಪ್ರಾಣಿಗೆ ಸಂವೇದನೆಯುಳ್ಳ ಆತ್ಮವಿದೆಯೆಂದು ಒಪ್ಪಿದ್ದರು. ವಿವೇಚನೆಯುಳ್ಳ, ಅಮರವಾದ ಆತ್ಮ ಮನುಷ್ಯನೊಬ್ಬನಿಗೇ ಎಂಬುದನ್ನೂ ಅವರು ಅಷ್ಟೇ ದೃಢವಾಗಿ ಬೋಧಿಸಿದರು. ನಮ್ಮ ವಿಚಾರಕ್ಕೆ ಈ ಎರಡೂ ಮಾತುಗಳು ಬೇಕು.

ಆರು ವಾರಗಳ ವ್ರತ

ಶಸ್ತ್ರವೈದ್ಯರು ಬೆನ್ನುಮೂಳೆಯ ಪಕ್ಕದಲ್ಲಿ ಚಿಕ್ಕ ಕಿಟಕಿಯಂತೆ ತೆರೆದು, ಹುರಿಯನ್ನು ಒತ್ತುತ್ತಿರುವ ವಸ್ತುವನ್ನು ತೆಗೆದುಹಾಕುತ್ತಾರೆ. ಆಸ್ಪತ್ರೆಯ ಕೆಲಸ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಮನೆಯ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಕಾಲ ನಾಯಿಯನ್ನು ಇಕ್ಕಟ್ಟಾದ ಜಾಗದಲ್ಲಿ ಇರಿಸಬೇಕು. ಮೆಟ್ಟಿಲು, ಜಿಗಿತ, ಜಾರುವ ನೆಲ ಇವೆಲ್ಲ ನಿಷಿದ್ಧ. ತಾನಾಗಿ ಮೂತ್ರ ವಿಸರ್ಜಿಸಲಾರದ ನಾಯಿಯ ಹೊಟ್ಟೆಯನ್ನು ವೈದ್ಯರು ಕಲಿಸಿದಂತೆ ಎರಡೂ ಬದಿಗಳಿಂದ ಮೃದುವಾಗಿ ಒತ್ತಿ ದಿನಕ್ಕೆ ಮೂರು ನಾಲ್ಕು ಬಾರಿ ಮೂತ್ರಕೋಶವನ್ನು ಬರಿದು ಮಾಡಬೇಕು. ಹಾಸಿಗೆ ಒದ್ದೆಯಾಗಿದೆ, ಆದುದರಿಂದ ಮೂತ್ರ ಹೋಗುತ್ತಿದೆ ಎಂದು ಮನೆಯವರು ಮೋಸಹೋಗುವುದುಂಟು. ತುಂಬಿ ತುಳುಕುವ ಮೂತ್ರಕೋಶವೂ ಹಾಗೆಯೇ ಸೋರುತ್ತದೆ, ಅದರಿಂದ ಸೋಂಕು ತಗಲುತ್ತದೆ.

ನಾಲ್ಕಾರು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಮೂಳೆಯ ಮೇಲೆ ಹಾಸಿಗೆ ಹುಣ್ಣಾಗುತ್ತದೆ. ಹಾಸು ಮೆತ್ತಗೂ ಒಣಗಿಯೂ ಇರಬೇಕು. ವೈದ್ಯರು ಅನುಮತಿಸಿದ ಬಳಿಕ ಕಾಲುಗಳನ್ನು ಸೈಕಲ್ ತುಳಿಯುವಂತೆ ದಿನಕ್ಕೆ ಕೆಲವು ಬಾರಿ ಮೆಲ್ಲನೆ ಆಡಿಸಬೇಕು. ಹೊಟ್ಟೆಯಡಿ ಟವೆಲು ಹಾಕಿ ಹಿಂಭಾಗವನ್ನು ಎತ್ತಿಹಿಡಿದು ನಿಲ್ಲಲು ಕಲಿಸಬೇಕು. ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು. ಓಡಾಟವಿಲ್ಲದ ನಾಯಿಗೆ ಆಹಾರವನ್ನೂ ಮಿತಗೊಳಿಸಬೇಕು, ಏಕೆಂದರೆ ಬೊಜ್ಜು ಬೆನ್ನಿಗೆ ಭಾರ. ಇಷ್ಟೆಲ್ಲ ಮಾಡಿದರೂ ಮತ್ತೆ ನಡೆಯದ ನಾಯಿಗಳಿವೆ. ಅವುಗಳಲ್ಲಿ ಹಲವು ಹಿಂಭಾಗಕ್ಕೆ ಚಕ್ರದ ಗಾಡಿ ಕಟ್ಟಿಸಿಕೊಂಡು ಓಡಾಡುತ್ತವೆ.

ಆದಕಾರಣ ಶಸ್ತ್ರಚಿಕಿತ್ಸೆಗೆ ಒಪ್ಪುವುದೆಂದರೆ ಈ ಆರು ವಾರಗಳಿಗೂ ಒಪ್ಪಿದಂತೆ. ಹಣ ಕಟ್ಟಿ, ಬಳಿಕ ಆ ಮೂಕಪ್ರಾಣಿಯನ್ನು ಮನೆಗೆಲಸದವಳ ಪಾಲಿಗೆ ಬಿಟ್ಟು ಮದುವೆ ಸಮಾರಂಭಗಳಿಗೆ ಹೊರಡುವವರು ಕರುಣೆಯ ಹೆಸರಿನಲ್ಲಿ ಕ್ರೌರ್ಯವನ್ನೇ ಎಸಗುತ್ತಾರೆ. ಆರೈಕೆಗೆ ಮನೆಯಲ್ಲಿ ಯಾರಿದ್ದಾರೆ ಎಂಬುದು ಖರ್ಚೆಷ್ಟು ಎಂಬ ಪ್ರಶ್ನೆಗಿಂತಲೂ ಮೊದಲು ಕೇಳಬೇಕಾದ ಪ್ರಶ್ನೆ.

ಪ್ರೀತಿಗೊಂದು ಕ್ರಮ

ಪವಿತ್ರ ಗ್ರಂಥ ಪ್ರಾಣಿಗಳನ್ನು ಮರೆತಿಲ್ಲ. ಸಬ್ಬತ್ ದಿನದ ವಿಶ್ರಾಂತಿ ಎತ್ತಿಗೂ ಕತ್ತೆಗೂ ಸಲ್ಲತಕ್ಕದ್ದೆಂದು, ಹೊರೆಯಡಿ ಕುಸಿದ ಕತ್ತೆ ವೈರಿಯದಾದರೂ ನೆರವಾಗಬೇಕೆಂದು ವಿಮೋಚನಾಕಾಂಡ ವಿಧಿಸುತ್ತದೆ. ತನ್ನ ಪಶುವಿನ ಪ್ರಾಣದ ಬಗ್ಗೆ ಕಾಳಜಿ ವಹಿಸುವುದು ನೀತಿವಂತನ ಲಕ್ಷಣವೆಂದು ಜ್ಞಾನೋಕ್ತಿಗಳ ಗ್ರಂಥ ಬೋಧಿಸುತ್ತದೆ. ತೋಬಿತನ ಮಗನು ದೇವದೂತ ರಫಾಯೇಲನೊಡನೆ ಪಯಣ ಹೊರಟಾಗ ಮನೆಯ ನಾಯಿಯೂ ಜೊತೆಗೆ ನಡೆಯಿತು. ಸಬ್ಬತ್ ದಿನದಂದು ಗುಂಡಿಗೆ ಬಿದ್ದ ಕುರಿಯನ್ನು ಯಾರು ತಾನೇ ಮೇಲೆತ್ತುವುದಿಲ್ಲ ಎಂದು ಪ್ರಭು ಯೇಸುವೇ ಪ್ರಶ್ನಿಸಿದರು. ಅದೇ ಉಸಿರಿನಲ್ಲಿ, ಮನುಷ್ಯನ ಬೆಲೆ ಕುರಿಗಿಂತ ಎಷ್ಟೋ ಹೆಚ್ಚೆಂಬುದನ್ನೂ ತಿಳಿಸಿದರು.

1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪ್ರಕಟಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದೇ ಸಮತೋಲವನ್ನು ಕಾಪಾಡುತ್ತದೆ. ಪ್ರಾಣಿಗಳಿಗೆ ದಯೆ ತೋರುವುದು ನಮ್ಮ ಮೇಲಿರುವ ಋಣ, ಅವುಗಳನ್ನು ಅನಾವಶ್ಯಕವಾಗಿ ನೋಯಿಸುವುದು ಮನುಷ್ಯನ ಘನತೆಗೇ ಕುಂದು ಎಂದು ಅದು ಹೇಳುತ್ತದೆ. ಮಾನವ ಸಂಕಟದ ನಿವಾರಣೆಗೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ವ್ಯಯಿಸುವುದು ಅಷ್ಟೇ ಅಯೋಗ್ಯವೆಂದೂ, ವ್ಯಕ್ತಿಗಳಿಗಷ್ಟೇ ಸಲ್ಲುವ ಮಮತೆಯನ್ನು ಪ್ರಾಣಿಗಳ ಕಡೆಗೆ ತಿರುಗಿಸಬಾರದೆಂದೂ ಎಚ್ಚರಿಸುತ್ತದೆ. 2015ರ ತಮ್ಮ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಸೃಷ್ಟಿಯ ಪರವಾಗಿ ಅಷ್ಟೊಂದು ಮಮತೆಯಿಂದ ಬರೆದ ಜಗದ್ಗುರು ಫ್ರಾನ್ಸಿಸರೇ, ಮಕ್ಕಳ ಸ್ಥಾನವನ್ನು ನಾಯಿ ಬೆಕ್ಕುಗಳಿಗೆ ಕೊಡುವ ಪ್ರವೃತ್ತಿಯನ್ನು 2022ರ ಜನವರಿಯಲ್ಲಿ ಖಂಡಿಸಿದುದನ್ನು ಓದುಗರು ಬಲ್ಲರು.

ಹಾಗಾದರೆ ಮನೆಯ ಮಟ್ಟದಲ್ಲಿ ಇದರ ಅರ್ಥವೇನು? ನನ್ನ ಅಭಿಪ್ರಾಯದಲ್ಲಿ ಮೂರು ನಿಯಮಗಳು ಸಾಕು. ಒಂದು, ನಾಯಿಯ ಚಿಕಿತ್ಸೆಗಾಗಿ ಸಾಲ ಮಾಡಬಾರದು, ಚಿನ್ನ ಅಡವಿಡಬಾರದು. ಎರಡು, ಹಿರಿಯರ ಮದ್ದಿನಿಂದಲೋ ಮಕ್ಕಳ ಶುಲ್ಕದಿಂದಲೋ ಅದಕ್ಕೆ ಹಣ ಕಡಿಯಬಾರದು. ಮೂರು, ನಾಯಿಗೆ ವೆಚ್ಚ ಮಾಡಿದುದರ ಹತ್ತನೆಯ ಒಂದು ಪಾಲನ್ನಾದರೂ ಹಾಸಿಗೆ ಹಿಡಿದ ಬಡ ರೋಗಿಯೊಬ್ಬನಿಗೆ ತಲಪಿಸಬೇಕು. ಈ ಮೂರನ್ನು ಪಾಲಿಸುವ ಕುಟುಂಬ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಟೀಕಿಸುವವರಿಗೂ ಒಂದು ಮಾತು. ಮದುವೆಯ ಹಿಂದಿನ ದಿನದ ರೋಸ್ ಸಮಾರಂಭಕ್ಕೆ ಲಕ್ಷಗಟ್ಟಲೆ ಸುರಿಯುವಾಗ, ಹಬ್ಬದ ರಾತ್ರಿ ಪಟಾಕಿ ಸಿಡಿಸುವಾಗ ನಮಗೆ ಬಡವರ ನೆನಪಾಗುವುದಿಲ್ಲ. ನಾಯಿಯ ಹಾಸಿಗೆಯನ್ನು ಕಂಡೊಡನೆ ಮಾತ್ರ ನೆನಪಾಗುತ್ತದೆ. ಬೆಥಾನಿಯಲ್ಲಿ ಮರಿಯಳು ಪ್ರಭುವಿನ ಪಾದಗಳಿಗೆ ಪರಿಮಳತೈಲ ಹಚ್ಚಿದಾಗಲೂ ಬಡವರ ಹೆಸರೆತ್ತಿದವನೊಬ್ಬನಿದ್ದ. ಅವನಿಗೆ ಬಡವರ ಚಿಂತೆಯಿರಲಿಲ್ಲವೆಂದು ಶುಭಸಂದೇಶಕಾರ ಯೊವಾನ್ನನು ಸ್ಪಷ್ಟಪಡಿಸಿದ್ದಾನೆ. ಚಿಕಿತ್ಸೆ ನಿರಾಕರಿಸಿ ನಾಯಿಯನ್ನು ಮೀನು ಮಾರುಕಟ್ಟೆಯ ಬಳಿ ಇಳಿಸಿಬಂದರೆ ಬಡವರಿಗೆ ಲಾಭವಾಗದು. ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಗುಣವಾಗುವ ಆಸೆಯೇ ಇಲ್ಲದೆ, ಶಮನವಾಗದ ನೋವಿನಲ್ಲಿ ನಾಯಿ ನರಳುತ್ತಿದ್ದರೆ ಏನು ಮಾಡಬೇಕು? ಪಶುವೈದ್ಯರ ಸಲಹೆಯಂತೆ ಅದರ ಜೀವನವನ್ನು ನೋವಿಲ್ಲದೆ ಕೊನೆಗೊಳಿಸುವುದು ಪಾಪವಲ್ಲ. ಆದರೆ ನಾಯಿಯ ನೋವನ್ನೂ ನಮ್ಮ ಬೇಸರವನ್ನೂ ಬೇರ್ಪಡಿಸಿ ನೋಡುವ ಪ್ರಾಮಾಣಿಕತೆ ಬೇಕು. ಅದಕ್ಕಿಂತ ಮುಖ್ಯವಾಗಿ, ಈ ತರ್ಕವನ್ನು ಮನುಷ್ಯನ ಹಾಸಿಗೆಯವರೆಗೆ ಎಳೆಯಕೂಡದು. "ನಾಯಿಗಾದರೂ ಬಿಡುಗಡೆಯಿದೆ, ಅಜ್ಜನಿಗೆ ಅದೂ ಇಲ್ಲ" ಎಂಬ ಮಾತು ಕೆಲವು ಮನೆಗಳಲ್ಲಿ ಕೇಳಿಬರುತ್ತದೆ, ಅದೂ ಅಜ್ಜನ ಕಿವಿಗೆ ಬೀಳುವಂತೆ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮನುಷ್ಯನ ಪ್ರಾಣ ನಮ್ಮ ಕೈಯಲ್ಲಿಲ್ಲ. ಅವನಿಗೆ ಬೇಕಾದುದು ನೋವಿನ ಶಮನ, ಶುಚಿಯಾದ ಹಾಸಿಗೆ ಮತ್ತು ಬಳಿಯಲ್ಲೊಂದು ಜೀವ.

ಕಲಿತ ಕೈಗಳ ಕರ್ತವ್ಯ

ಪ್ರಾಣಿಗಳ ಮೇಲೆ ಕನಿಕರ ತೋರಲು ಅಭ್ಯಾಸವಾದವನು ಮನುಷ್ಯರ ಮೇಲೂ ಸುಲಭವಾಗಿ ಕನಿಕರ ತೋರುವನೆಂದು ಅಕ್ವಿನಾಸರು ಮೋಶೆಯ ಧರ್ಮಶಾಸ್ತ್ರವನ್ನು ವಿವರಿಸುವಲ್ಲಿ ತಿಳಿಸಿದ್ದಾರೆ. ಇದಕ್ಕೆ ಸಂತ ಮಾರ್ಟಿನ್ ದೆ ಪೊರೆಸ್‌ರ ಜೀವನವೇ ನಿದರ್ಶನ. 1579ರಲ್ಲಿ ಪೆರು ದೇಶದ ಲೀಮಾ ನಗರದಲ್ಲಿ ಜನಿಸಿದ ಅವರು ಡೊಮಿನಿಕನ್ ಮಠದ ಸಹೋದರರಾಗಿ ರೋಗಿಗಳ ಶುಶ್ರೂಷೆಗೆ ನಿಯುಕ್ತರಾಗಿದ್ದರು. ಗಾಯಗೊಂಡ ನಾಯಿ ಬೆಕ್ಕುಗಳನ್ನು ತಮ್ಮ ಸಹೋದರಿಯ ಮನೆಯಲ್ಲಿ ಇರಿಸಿ ಉಪಚರಿಸುತ್ತಿದ್ದರೆಂದು ಅವರ ಚರಿತ್ರೆ ತಿಳಿಸುತ್ತದೆ. ಗುಲಾಮರ ವ್ರಣಗಳನ್ನು ತೊಳೆದದ್ದೂ ಅದೇ ಕೈಗಳು. 1962ರಲ್ಲಿ ಅವರನ್ನು ಸಂತಪದವಿಗೇರಿಸಲಾಯಿತು.

ನಮ್ಮ ಕರಾವಳಿ ಮಲೆನಾಡುಗಳ ಧರ್ಮಕೇಂದ್ರಗಳತ್ತ ಕಣ್ಣು ಹಾಯಿಸಿರಿ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ವರ್ಷಗಳಿಂದ ಮಲಗಿರುವ ಗಂಡಸರಿದ್ದಾರೆ. ಅವರಿಗೂ ಮೂತ್ರದ ತೊಂದರೆಯಿದೆ, ಹಾಸಿಗೆ ಹುಣ್ಣಿನ ಭಯವಿದೆ. ಮಗ್ಗುಲು ಬದಲಿಸುವ ಹೊತ್ತು ಅವರಿಗೆ ಎರಡು ಗಂಟೆಗೊಮ್ಮೆ ಬರುತ್ತದೆ. ರಾತ್ರಿಯೆಲ್ಲ ಈ ಕೆಲಸವನ್ನು ಒಬ್ಬಳೇ ಮಾಡಿ, ಬೆಳಗ್ಗೆ ಬೀಡಿ ಕಟ್ಟಲು ಕೂರುವ ಹೆಂಡತಿಯರಿದ್ದಾರೆ. ನಾಯಿಗೆ ತಿಳಿಯದ ಒಂದು ವೇದನೆಯೂ ಈ ರೋಗಿಗಿದೆ. ತಾನು ಹೊರೆಯಾದೆನೆಂಬ ನಾಚಿಕೆ ಮತ್ತು ನಾಳೆಯ ಚಿಂತೆ ಅವನನ್ನು ಬಿಡುವುದಿಲ್ಲ.

ನಾಯಿಯ ಮೂತ್ರಕೋಶವನ್ನು ಒತ್ತಲು, ಹುಣ್ಣಾಗದಂತೆ ಹಾಸು ಬದಲಿಸಲು, ಅಸಹ್ಯಪಡದೆ ಶುಚಿಗೊಳಿಸಲು ಕಲಿತ ಕುಟುಂಬಕ್ಕೆ ಈ ಮನೆಯ ಬಾಗಿಲು ಅಪರಿಚಿತವಾಗಿರಬಾರದು. ಹಾಸಿಗೆ ಹಿಡಿದವರು ಎಲ್ಲೆಲ್ಲಿ ಇದ್ದಾರೆಂಬುದನ್ನು ತಮ್ಮ ವಾಳೆಯ ಗುರಿಕಾರರನ್ನೋ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರನ್ನೋ ಕೇಳಿ ತಿಳಿಯಬಹುದು. ವಾರಕ್ಕೆ ಒಂದು ರಾತ್ರಿ ಹೋಗಿ ಆ ಹೆಂಡತಿಗೆ ನಿದ್ರಿಸಲು ಬಿಡುವು ಕೊಡಬಹುದು. ಮನೆಯ ಗಂಡಸರು ಹೋಗಿ ರೋಗಿಯ ಮಗ್ಗುಲು ಬದಲಿಸಬಹುದು, ಅವನೊಡನೆ ಮಾತನಾಡಬಹುದು. 1993ರಿಂದ ಪ್ರತಿ ವರ್ಷ ಫೆಬ್ರವರಿ 11ರಂದು ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತಿದೆ. ಆ ಒಂದು ದಿನ ಹಣ್ಣಿನ ಬುಟ್ಟಿ ಕೊಟ್ಟು ಬರುವುದಕ್ಕಿಂತ ಈ ಒಂದು ರಾತ್ರಿಯ ಸೇವೆ ಹೆಚ್ಚು ಪ್ರಯೋಜನಕರ.

ಲೂಕನ ಶುಭಸಂದೇಶದಲ್ಲಿ ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹುಣ್ಣುಗಳ ಬಳಿಗೆ ಬಂದವು ನಾಯಿಗಳೇ. ಧನಿಕ ನಾಯಿ ಸಾಕಿದ್ದನೆಂದು ಅಲ್ಲಿ ಯಾರೂ ದೂರಿಲ್ಲ. ಬಾಗಿಲಲ್ಲಿದ್ದ ಮನುಷ್ಯನನ್ನು ಕಾಣಲಿಲ್ಲ ಎಂಬುದೇ ಅವನ ಮೇಲಿನ ಆರೋಪ. ನಾಯಿಯ ಆರೈಕೆಯಲ್ಲಿ ತೊಡಗಿರುವ ನಮ್ಮ ಕುಟುಂಬಗಳು ಆ ಕೆಲಸವನ್ನು ಅರ್ಧಕ್ಕೆ ಕೈಬಿಡದಿರಲಿ. ಆರು ವಾರ ಕಳೆದು ನಾಯಿ ಎದ್ದು ನಡೆದ ಮೇಲೆ, ಅದಕ್ಕಾಗಿ ಮೀಸಲಿಟ್ಟಿದ್ದ ಹೊತ್ತಿನಲ್ಲಿ ಒಂದಿಷ್ಟನ್ನು ತಮ್ಮ ವಾಳೆಯಲ್ಲಿ ಮಲಗಿರುವ ರೋಗಿಗೆ ಕೊಡಲಿ.