ಚೆನ್ನಮ್ಮನಾಗಿ ನಿಂತ ಸರೋಜಾದೇವಿ



ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಬಸವಾದಿ ಶರಣರ ಬಳಗದಲ್ಲಿ ಬಹುರೂಪಿ ಚೌಡಯ್ಯನೆಂಬ ಶರಣನಿದ್ದನು. ನಾನಾ ವೇಷಗಳನ್ನು ತೊಟ್ಟು ಜನರೆದುರು ಆಡಿ ತೋರಿಸುವುದೇ ಆತನ ಕಾಯಕ. ‘ರೇಕಣ್ಣಪ್ರಿಯ ನಾಗಿನಾಥಾ’ ಎಂಬ ಅಂಕಿತದ ಆತನ ವಚನಗಳು ಇಂದಿಗೂ ನಮಗೆ ಲಭ್ಯವಿವೆ. ವೇಷಧಾರಿಯೊಬ್ಬನನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣನೆಂದು ಅಪ್ಪಿಕೊಂಡ ಪರಂಪರೆ ಇದು. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಬರುವ ಹೊತ್ತಿಗೆ ಲೋಕದ ರೀತಿ ಬೇರೆಯಾಗಿತ್ತು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮರ್ಯಾದಸ್ಥ ಮನೆಗಳವರು ಕುಟುಂಬ ಸಮೇತರಾಗಿ ಚಿತ್ರಮಂದಿರಕ್ಕೆ ಹೋಗಿಬರುವರು. ಮನೆಯ ಮಗಳೇ ಬಣ್ಣ ಹಚ್ಚುವೆನೆಂದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುವರು. ಅಂಥ ಕಾಲದಲ್ಲಿ ಬಣ್ಣ ಹಚ್ಚಿ, ಅದನ್ನು ಕಾಯಕದಂತೆ ನಡೆಸಿ, ಕಿತ್ತೂರಿನ ರಾಣಿಗೆ ತೆರೆಯ ಮೇಲೆ ರೂಪವನ್ನು ಕೊಟ್ಟವರು ಬಿ. ಸರೋಜಾದೇವಿಯವರು.

2025ರ ಜುಲೈ 14ರಂದು ಮಲ್ಲೇಶ್ವರದ ತಮ್ಮ ನಿವಾಸದಲ್ಲಿ, 87ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಅವರ ಅಭಿನಯವನ್ನು ಕುರಿತು ನಾಲ್ಕು ಮಾತುಗಳನ್ನು ಈ ತಿಂಗಳ ಅಂಕಣದಲ್ಲಿ ಹಂಚಿಕೊಳ್ಳಬಯಸುತ್ತೇವೆ.

ಸರೋಜಾದೇವಿಯವರು ಜನಿಸಿದುದು 1938ರ ಜನವರಿ 7ರಂದು, ಬೆಂಗಳೂರಿನಲ್ಲಿ. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮನವರು. ಕುಟುಂಬದ ಮೂಲ ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮ. ಹೊನ್ನಪ್ಪ ಭಾಗವತರು ಕಾಳಿದಾಸನಾಗಿ ಅಭಿನಯಿಸಿದ ‘ಮಹಾಕವಿ ಕಾಳಿದಾಸ’ 1955ರಲ್ಲಿ ತೆರೆಕಂಡಾಗ ಅದರಲ್ಲಿ ಅಭಿನಯಿಸಿದ ಸರೋಜಾದೇವಿಯವರಿಗೆ ಹದಿನೇಳು ವರ್ಷ. ಮಗಳ ಆಸೆಗೆ ತಂದೆ ಬೆಂಬಲವಾಗಿ ನಿಂತರು. ತಾಯಿ ಉಡುಗೆ ತೊಡುಗೆಯಲ್ಲಿ ಕಟ್ಟುನಿಟ್ಟಾದ ನಿಯಮವನ್ನು ವಿಧಿಸಿದರು. ತೋಳಿಲ್ಲದ ರವಿಕೆಗೂ ಅಲ್ಲಿ ಎಡೆಯಿರಲಿಲ್ಲ. ತಮಿಳು, ತೆಲುಗು, ಹಿಂದಿ ಚಿತ್ರರಂಗಗಳಲ್ಲಿ ಬೇಡಿಕೆಯ ನಾಯಕಿಯಾದ ಮೇಲೂ ಮಗಳು ಆ ಮಾತನ್ನು ಮೀರಲಿಲ್ಲ. ಮನೆಯವರು ನಂಬಿ ಕಳುಹಿದರು, ಮಗಳು ಆ ನಂಬಿಕೆಯನ್ನು ಉಳಿಸಿಕೊಂಡಳು. ಎರಡೂ ಸಮನಾಗಿ ಮೆಚ್ಚತಕ್ಕವು.

1958ರಲ್ಲಿ ಎಂ.ಜಿ.ಆರ್. ಅವರೊಡನೆ ‘ನಾಡೋಡಿ ಮನ್ನನ್’, 1959ರಲ್ಲಿ ದಿಲೀಪ್ ಕುಮಾರರಿದ್ದ ಹಿಂದಿಯ ‘ಪೈಗಾಮ್’ — ಹೀಗೆ ಕೀರ್ತಿಯು ವೇಗವಾಗಿ ಬೆಳೆಯಿತು. ತಮಿಳರು ಅವರನ್ನು ‘ಕನ್ನಡತ್ತು ಪೈಂಗಿಳಿ’, ಅಂದರೆ ಕನ್ನಡದ ಹಸಿರು ಗಿಣಿ, ಎಂದು ಅಕ್ಕರೆಯಿಂದ ಕರೆದರು. ಆ ಬಿರುದಿನಲ್ಲಿ ಅವರ ಅಭಿನಯದ ಒಂದು ಮುಖವೆಲ್ಲ ಅಡಗಿದೆ: ಅರಳುಗಣ್ಣು, ಮುದ್ದು ಮಾತು, ಜೇನಿನಂಥ ದನಿ.

ಈ ಗಿಣಿಯು ಸಿಂಹಿಣಿಯಾದುದು 1961ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಶಿವಾಜಿ ಗಣೇಶನ್ ಅವರಿಂದ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿಸಿದ್ದ ಬಿ.ಆರ್. ಪಂತುಲು ಅವರು ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’ನನ್ನು ನಿರ್ಮಿಸಿ ನಿರ್ದೇಶಿಸಿದರು. ಮಲ್ಲಸರ್ಜ ದೇಸಾಯಿಯಾಗಿ ಡಾ. ರಾಜ್‌ಕುಮಾರ್, ಚೆನ್ನಮ್ಮನಾಗಿ ಸರೋಜಾದೇವಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಹತನಾದ ವೀರಗಾಥೆಯನ್ನು ನಮ್ಮ ಮನೆಗಳಲ್ಲಿ ಬಲ್ಲದವರಿಲ್ಲ. ಆ ಕಥೆಯನ್ನು ತೆರೆಯ ಮೇಲೆ ತರುವಾಗ ಅಬ್ಬರಿಸುವುದು ಸುಲಭ. ಸರೋಜಾದೇವಿಯವರು ಆ ಸುಲಭದ ಹಾದಿಯನ್ನು ಹಿಡಿಯಲಿಲ್ಲ. ಕಪ್ಪವನ್ನು ಕೇಳಬಂದವರ ಮುಂದೆ ನಿಂತಾಗ ಅವರ ಕೋಪವೆಲ್ಲ ಮಾತಿನ ಸ್ಪಷ್ಟತೆಯಲ್ಲಿದೆ, ನಿಂತ ನಿಲುವಿನಲ್ಲಿದೆ. ದನಿಯ ಮಾಧುರ್ಯ ಹೋಗಿಲ್ಲ. ಅದರೊಳಗೆ ಅಲುಗಿನ ಮೊನೆ ಮೂಡಿದೆ. ಸಂಸಾರವನ್ನೂ ಸಂಸ್ಥಾನವನ್ನೂ ಒಟ್ಟಿಗೆ ಹೊತ್ತ ಗೃಹಿಣಿಯೊಬ್ಬಳು ಬೇರೆ ದಾರಿಯಿಲ್ಲದೆ ಖಡ್ಗವನ್ನು ಹಿಡಿದಳೆಂಬ ಸತ್ಯ ನೋಡುವವರಿಗೆ ಮನದಟ್ಟಾಗುತ್ತದೆ.

ಈ ಚಿತ್ರದಲ್ಲಿ ಟಿ.ಜಿ. ಲಿಂಗಪ್ಪನವರ ಸಂಗೀತಕ್ಕೆ ಪಿ. ಸುಶೀಲ ಅವರು ಅಕ್ಕಮಹಾದೇವಿಯ ವಚನವೊಂದನ್ನು ಹಾಡಿದ್ದಾರೆ. ಅಂತರಂಗ ಆರ್ದ್ರವಾಗದ ಪೂಜೆಯು ವ್ಯರ್ಥವೆಂಬ ಭಾವದ ಆ ವಚನವು ಯುದ್ಧದ ಕಥೆಯ ನಡುವೆ ಬಂದುದು ಆಕಸ್ಮಿಕವಲ್ಲ. ಚೆನ್ನಮ್ಮನ ಧೈರ್ಯದ ಬೇರು ಭಕ್ತಿಯಲ್ಲಿದೆಯೆಂದು ಅದು ತಿಳಿಸುತ್ತದೆ. ಮಠದ ಪ್ರವಚನಕ್ಕೆ ಬಾರದ ಎಷ್ಟೋ ಮಂದಿಯ ಕಿವಿಗೆ ಅಕ್ಕನ ವಚನವನ್ನು ತಲುಪಿಸಿದ ಪುಣ್ಯ ಈ ಚಿತ್ರದ್ದು. ‘ಪಾಲುಂ ಪಳಮುಂ’ ತಮಿಳಿನಲ್ಲಿ, ‘ಸಸುರಾಲ್’ ಹಿಂದಿಯಲ್ಲಿ ತೆರೆಕಂಡುದೂ ಅದೇ 1961ರಲ್ಲಿ. ಮೂರು ಭಾಷೆಗಳ ಕರೆಯ ನಡುವೆಯೂ ಕನ್ನಡದ ರಾಣಿಗೆ ಅವರು ಕೊಟ್ಟ ಶ್ರದ್ಧೆಯಲ್ಲಿ ಕೊರತೆಯಿಲ್ಲ.

1967ರಲ್ಲಿ ಎಂಜಿನಿಯರರಾಗಿದ್ದ ಶ್ರೀಹರ್ಷ ಅವರೊಡನೆ ವಿವಾಹವಾಯಿತು. ಮದುವೆಯಾದ ನಾಯಕಿಗೆ ಚಿತ್ರರಂಗ ವಿದಾಯ ಹೇಳುತ್ತಿದ್ದ ದಿನಗಳವು. ಆದರೆ 1969ರಲ್ಲಿ ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ ಬಂದಿತು. ಮಲತಾಯಿಯ ವಂಚನೆಯನ್ನರಿಯದ ಮುಗ್ಧ ಪತಿಯನ್ನು ವಿವೇಕಕ್ಕೆ ತರುವ ಸೊಸೆಯ ಪಾತ್ರ. ಇಲ್ಲಿ ಕೋಟೆಯಿಲ್ಲ, ಖಡ್ಗವಿಲ್ಲ. ಹೋರಾಟವೆಲ್ಲ ಅಡುಗೆಮನೆ ಪಡಸಾಲೆಗಳ ನಡುವೆ. ಆದರೂ ತಾಳ್ಮೆಯನ್ನೇ ಆಯುಧವಾಗಿಸಿಕೊಂಡ ಈ ಮಲ್ಲಮ್ಮನು ಚೆನ್ನಮ್ಮನ ಒಡಹುಟ್ಟಿದವಳಂತೆಯೇ ಕಾಣುತ್ತಾಳೆ. 1986ರಲ್ಲಿ ಪತಿವಿಯೋಗದ ದುಃಖವನ್ನುಂಡ ಮೇಲೂ ಅವರು ಕಲೆಯನ್ನು ತೊರೆಯಲಿಲ್ಲ. 1984ರ ‘ಯಾರಿವನು’ ಚಿತ್ರದಲ್ಲಿ ಬಾಲನಟನಾಗಿ ತಮ್ಮೊಡನಿದ್ದ ಪುನೀತ್ ರಾಜ್‌ಕುಮಾರ್ ನಾಯಕನಾದ ‘ನಟಸಾರ್ವಭೌಮ’ದಲ್ಲಿ, 2019ರಲ್ಲಿ, ಮತ್ತೆ ಕಾಣಿಸಿಕೊಂಡರು. 1969ರ ಪದ್ಮಶ್ರೀ, 1992ರ ಪದ್ಮಭೂಷಣ ಅವರಿಗೆ ಸಂದ ಗೌರವಗಳಲ್ಲಿ ಮುಖ್ಯವಾದವು. ಮರಣಾನಂತರ ಅವರ ಕಣ್ಣುಗಳು ದಾನವಾಗಿ ಸಂದವು. ಕಾಯಕದೊಡನೆ ದಾಸೋಹವೂ ಕೂಡಿತೆಂದು ನಾವು ಇದನ್ನು ಭಾವಿಸುತ್ತೇವೆ.

ಸರೋಜಾದೇವಿಯವರು ಜನ್ಮತಃ ನಮ್ಮ ಸಮಾಜದವರಲ್ಲ. ಆದರೂ ಚೆನ್ನಮ್ಮನೆಂದೊಡನೆ ಎಷ್ಟೋ ಮನೆಗಳ ಹಿರಿಯರ ಕಣ್ಮುಂದೆ ಅವರ ಮುಖವೇ ಬಂದು ನಿಲ್ಲುತ್ತದೆ. ‘ಇವನಾರವ’ ಎಂದು ಕೇಳದಿರುವ ಸಂಸ್ಕಾರವನ್ನು ಒಂದು ಚಿತ್ರವೂ ಕಲಿಸಬಲ್ಲದು.

ಬಸವ ಜಯಂತಿಯ ವೇದಿಕೆಯಲ್ಲಿ ನಮ್ಮ ಹೆಣ್ಣುಮಕ್ಕಳು ವಚನವನ್ನು ಹಾಡಿದಾಗ, ಅಕ್ಕನ ವೇಷವನ್ನು ಧರಿಸಿದಾಗ ಚಪ್ಪಾಳೆ ತಟ್ಟುತ್ತೇವೆ. ಅವರಲ್ಲೊಬ್ಬಳು ಕಲೆಯನ್ನೇ ಜೀವನವಾಗಿಸಿಕೊಳ್ಳುವೆನೆಂದು ಹೇಳಿದ ದಿನವೂ ಆ ಕೈಗಳು ಹಿಂದೆಗೆಯದಿರಲಿ. ಭೈರಪ್ಪ, ರುದ್ರಮ್ಮ ದಂಪತಿಗಳಂತೆ ನಿಯಮವನ್ನು ಹೇಳಿಕೊಡೋಣ, ನಂಬಿಕೆಯಿಟ್ಟು ಕಳುಹೋಣ. ಬಹುರೂಪಿ ಚೌಡಯ್ಯನಿಗೆ ದೊರೆತ ಮನ್ನಣೆ ನಮ್ಮ ಮಗಳಿಗೂ ದೊರೆಯಲಿ.