ಅಗ್ಗದ ಡಿಸ್ಕ್‌ಗಳ ಲೆಕ್ಕಪತ್ರ

1988ರಲ್ಲಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಬರೆದ ಪ್ರಬಂಧದಲ್ಲಿ ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್‌ನ (RAID) ‘ಐ’ ಅಕ್ಷರಕ್ಕೆ ‘ಅಗ್ಗದ’ ಎಂದರ್ಥ. ಉದ್ಯಮದ ಬಾಯಲ್ಲಿ ಅದು ಮುಂದೆ ‘ಸ್ವತಂತ್ರ’ ಎಂದಾಯಿತು. ತಮ್ಮ ಸರಕನ್ನು ಅಗ್ಗವೆಂದು ಯಾರು ತಾನೇ ಕರೆದುಕೊಂಡಾರು? ಮೊದಲ ಅರ್ಥಕ್ಕೆ ನಿಷ್ಠವಾಗಿ ಉಳಿದದ್ದು ಪ್ರತ್ಯೇಕ ಕಾರ್ಡ್ ಬೇಡದ, ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್.

ಆರಂಭದಲ್ಲಿ ಅರೇಯ (ಡಿಸ್ಕ್‌ಗಳ ಗುಂಪಿನ) ವಿವರವನ್ನೆಲ್ಲ ‘ರೇಡ್‌ಟ್ಯಾಬ್’ ಕಡತದಲ್ಲಿ ಕೈಯಾರೆ ಬರೆಯಬೇಕಿತ್ತು. ಕೇಬಲ್ ಬದಲಾಗಿ ಡಿಸ್ಕ್‌ನ ಹೆಸರು ಬದಲಾದರೆ ಪೇಚಾಟ. 2001ರಲ್ಲಿ ನೀಲ್ ಬ್ರೌನ್ ‘ಎಂಡಿಆಡ್ಮ್’ ಎಂಬ ಉಪಕರಣ ತಂದರು. ಪ್ರತಿ ಡಿಸ್ಕ್ ಸೂಪರ್‌ಬ್ಲಾಕ್ ಎಂಬ ತನ್ನ ಗುರುತಿನ ಭಾಗದಲ್ಲಿ ತಾನು ಯಾವ ಅರೇಗೆ ಸೇರಿದ್ದೆಂದು ಬರೆದುಕೊಂಡಿರುತ್ತದೆ. ಎಂಡಿಆಡ್ಮ್ ಅದನ್ನೇ ಓದಿ ಜೋಡಿಸುತ್ತದೆ. ಮದರ್‌ಬೋರ್ಡ್ ಸುಟ್ಟರೂ ಡಿಸ್ಕ್‌ಗಳನ್ನು ಕಿತ್ತು ಬೇರೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರಾಯಿತು. ರೇಡ್ ಕಾರ್ಡ್ ಕೆಟ್ಟಾಗ ಅದೇ ಕಂಪನಿಯ ಕಾರ್ಡ್ ಹುಡುಕುತ್ತ ಅಲೆದವರಿಗೆ ಇದರ ಬೆಲೆ ಗೊತ್ತು. ನಮ್ಮ ಮಟ್ಟಿಗೆ ಇಡೀ ಪಯಣದ ದೊಡ್ಡ ಗಳಿಕೆ ಇದೇ.

ಕರೆಂಟ್ ಹೋಗಿ ಬರುವ ನಮ್ಮ ಊರುಗಳಿಗೆ 2005ರ ಬಿಟ್‌ಮ್ಯಾಪ್ ವರದಾನ. ಎಲ್ಲಿ ಬರವಣಿಗೆ ನಡೆದಿತ್ತೆಂಬ ಗುರುತು ಅದರಲ್ಲಿ ಇರುವುದರಿಂದ, ಕರೆಂಟ್ ಮರಳಿದಾಗ ಇಡೀ ಅರೇಯ ಬದಲು ಅಷ್ಟು ಭಾಗವನ್ನು ಮಾತ್ರ ಸರಿಹೊಂದಿಸಿದರೆ ಸಾಕು. ಆದರೆ ರೇಡ್-5ರಲ್ಲಿ ದತ್ತಾಂಶ ಬರೆದು, ಕಳೆದುಹೋದದ್ದನ್ನು ಮರಳಿ ಲೆಕ್ಕಹಾಕಲು ನೆರವಾಗುವ ಪ್ಯಾರಿಟಿ ಬರೆಯುವಷ್ಟರಲ್ಲಿ ಕರೆಂಟ್ ಹೋದರೆ ಎರಡಕ್ಕೂ ತಾಳೆಯಾಗದು. ಅದಕ್ಕೆ, ಬರೆಯುವುದನ್ನು ಮೊದಲೇ ದಾಖಲಿಸುವ ಜರ್ನಲ್ ಎಂಬ ಮದ್ದು ಬಂದದ್ದು 2016ರ ಲಿನಕ್ಸ್ 4.4 ಕರ್ನಲ್‌ನಲ್ಲಿ. ತಡವಾಯಿತು ಎನ್ನದೆ ವಿಧಿಯಿಲ್ಲ.

ಅಗ್ಗದ ಸಾಲ ಇನ್ನೂ ತೀರಿಲ್ಲ. 4 ಟಿಬಿ ಡಿಸ್ಕ್ ಬದಲಿಸಿದಾಗ ಸೆಕೆಂಡಿಗೆ 150 ಎಂಬಿ ವೇಗವಿದ್ದರೂ ಮರುಜೋಡಣೆಗೆ ಏಳು ಗಂಟೆ ಮೀರುತ್ತದೆ. ಅಷ್ಟೂ ಹೊತ್ತು ರೇಡ್-5ರ ಉಳಿದ ಡಿಸ್ಕ್‌ಗಳನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ಇನ್ನೊಂದು ಕೈಕೊಟ್ಟರೆ ಮುಗಿಯಿತು. ಮನೆಬಳಕೆಯ ಡಿಸ್ಕ್ ಕೆಟ್ಟ ಸೆಕ್ಟರ್ ಒಂದನ್ನು ಓದಲು ಒಂದು ನಿಮಿಷಕ್ಕೂ ಹೆಚ್ಚು ಹೆಣಗಬಹುದು. ಕರ್ನಲ್‌ನ ತಾಳ್ಮೆ ಸಾಮಾನ್ಯವಾಗಿ 30 ಸೆಕೆಂಡು. ಒಂದು ಸೆಕ್ಟರ್‌ಗಾಗಿ ಇಡೀ ಡಿಸ್ಕನ್ನೇ ಅರೇಯಿಂದ ಹೊರದಬ್ಬಿದ ಕಥೆಗಳ ಹಿಂದೆ ಹಲವು ಬಾರಿ ಇದ್ದದ್ದು ಈ ಹೊಂದಾಣಿಕೆಯ ಕೊರತೆಯೇ.

ಎರಡು ಡಿಸ್ಕ್‌ಗಳಲ್ಲೂ ಒಂದೇ ದತ್ತಾಂಶವಿರುವ ಮಿರರ್‌ನ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲದು. ಅರೇಯ ಸ್ಥಿತಿ ತೋರಿಸುವ ‘ಎಂಡಿಸ್ಟಾಟ್’ ಕಡತದಲ್ಲಿ ಎರಡು ‘ಯು’ಗಳ ಪೈಕಿ ಒಂದರ ಜಾಗದಲ್ಲಿ ಅಡಿಗೆರೆ ಮೂಡುತ್ತದೆ, ಅಷ್ಟೇ. ಎಚ್ಚರಿಕೆಯ ಮಿಂಚಂಚೆ ಬಹಳ ಕಡೆ ರೂಟ್ ಬಳಕೆದಾರನ ಹೆಸರಿಗೆ ಹೋಗುತ್ತದೆ. ಅಂಚೆ ಕಳಿಸುವ ತಂತ್ರಾಂಶವನ್ನೇ ಹಾಕಿರದಿದ್ದರೆ ಎಲ್ಲಿಗೂ ಹೋಗುವುದಿಲ್ಲ. ಪರೀಕ್ಷೆಗೊಂದು ಅಂಚೆ ಕಳಿಸಿನೋಡುವ ಸೌಲಭ್ಯವೂ ಎಂಡಿಆಡ್ಮ್‌ನಲ್ಲಿದೆ. ಅರೇ ಕಟ್ಟಿದ ದಿನವೇ ಆ ಪರೀಕ್ಷೆಯನ್ನು ಕಡ್ಡಾಯವಾಗಿ ಓಡಿಸುವ ಕೆಲಸವನ್ನು ಇನ್‌ಸ್ಟಾಲರ್‌ಗಳೇ ವಹಿಸಿಕೊಳ್ಳಬೇಕೆಂಬುದು ನಮ್ಮ ಒತ್ತಾಯ.